ಬಿಲ್ಲಿನ ಅಕ್ಷರ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ

ಕಳೆದ ಮಳೆಗಾಲದ ಮಾತು. ಮುಂಬಯಿಯ ಮಾಟುಂಗಾದ ಒಂದು ಸಣ್ಣ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಗ್ರೈಂಡರಿನ ಮೋಟಾರು ಸುಟ್ಟುಹೋಗಿತ್ತು. ಎರಡು ವರ್ಷದ ವಾರಂಟಿ ಇತ್ತು, ತಂದು ಹದಿನಾಲ್ಕು ತಿಂಗಳಾಗಿತ್ತು ಅಷ್ಟೇ. ಧಣಿಗಳು ಗಲ್ಲಾದ ಕೆಳಗಿನ ಡ್ರಾವರ್ ಎಳೆದು ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಗ್ರೈಂಡರಿನ ಬಿಲ್ಲು. ಮಡಿಕೆ ಇಲ್ಲ, ಕೊಳೆ ಇಲ್ಲ, ಎಣ್ಣೆ ಕಲೆ ಇಲ್ಲ. ಅಕ್ಷರವೂ ಇಲ್ಲ. ಬೆಳ್ಳಗಿನ ಉದ್ದ ಚೀಟಿ, ಅಷ್ಟೇ.

"ಎಂಥ ಮಾರಾಯಾ ಇದು! ಇಷ್ಟು ಜೋಪಾನ ಮಾಡಿ ಇಟ್ಟದ್ದು" ಅಂದರು.

ನಾನು ಅವರ ಬಿಲ್ಲಿಂಗ್ ಪ್ರಿಂಟರ್ ರಿಪೇರಿಗೆ ಅಂತ ಹೋಗಿದ್ದೆ. ಮಾಟುಂಗಾ, ಸಾಯನ್, ಚೆಂಬೂರು ಕಡೆಯ ಹೋಟೆಲುಗಳ ಮೆಷಿನ್ ನೋಡಿಕೊಳ್ಳುವುದೇ ನನ್ನ ಕೆಲಸ. "ಧಣಿ, ಆ ಕವರೇ ತಿಂದಿದ್ದು" ಅಂದೆ. ಅವರು ನಂಬಲಿಲ್ಲ. ಪ್ಲಾಸ್ಟಿಕ್ ಕವರ್ ಕಾಗದವನ್ನು ಕಾಪಾಡುತ್ತದೆ ಅಂತಲೇ ಅಲ್ವಾ ನಾವೆಲ್ಲ ಅಂದುಕೊಂಡಿರುವುದು? ಅವತ್ತು ಗಲ್ಲಾದ ಪಕ್ಕ ನಿಂತು ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಬಿಲ್ಲು ಎಲ್ಲರ ಕೈಗೂ ದಿನಾ ಬರುತ್ತದೆ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಎಷ್ಟೋ ನಷ್ಟ ತಪ್ಪುತ್ತದೆ.

ಮೊದಲು ಒಂದು ವಿಷಯ. ಹೋಟೆಲಿನ ಬಿಲ್ ಪ್ರಿಂಟರಿನ ಮುಚ್ಚಳ ತೆಗೆದು ನೋಡಿ. ಶಾಯಿಯ ಡಬ್ಬಿ ಇಲ್ಲ, ಟೋನರ್ ಇಲ್ಲ, ಟೈಪ್‌ರೈಟರಿನ ಹಾಗೆ ರಿಬ್ಬನ್ನೂ ಇಲ್ಲ. ಒಂದು ರೋಲು, ಒಂದು ರಬ್ಬರ್ ಉರುಳೆ, ಅದಕ್ಕೆ ಒತ್ತಿಕೊಂಡ ಒಂದು ತೆಳ್ಳಗಿನ ಪಟ್ಟಿ. ಮತ್ತೆ ಕಪ್ಪು ಅಕ್ಷರ ಎಲ್ಲಿಂದ ಬಂತು? ಕಾಗದದಿಂದಲೇ. ಬಣ್ಣ ಆ ಬಿಳಿ ರೋಲಿನ ತುಂಬ, ಈ ತುದಿಯಿಂದ ಆ ತುದಿಯವರೆಗೆ, ಮೊದಲೇ ಹರಡಿಕೊಂಡಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಪ್ರಿಂಟರ್ ಮಾಡುವುದು ಒಂದೇ ಕೆಲಸ: ಬೇಕಾದ ಜಾಗವನ್ನು ಬಿಸಿ ಮಾಡುವುದು.

ಪರೀಕ್ಷೆ ಮಾಡಬೇಕಾ? ಯಾವುದಾದರೂ ಬಿಲ್ಲು ತೆಗೆದುಕೊಂಡು ಉಗುರಿನಿಂದ ಜೋರಾಗಿ, ಬೇಗನೆ ಗೀರಿ. ನಯವಾದ ಬದಿಯಲ್ಲಿ ಬೂದು ಗೆರೆ ಮೂಡುತ್ತದೆ. ತಿಕ್ಕಿದಾಗ ಹುಟ್ಟಿದ ಬಿಸಿಯೇ ಸಾಕು. ಹಿಂಬದಿಯಲ್ಲಿ ಎಷ್ಟು ಗೀರಿದರೂ ಏನೂ ಬರುವುದಿಲ್ಲ. ಅದಕ್ಕೇ ರೋಲನ್ನು ತಿರುಗಾಮುರುಗಾ ಹಾಕಿದರೆ ಖಾಲಿ ಚೀಟಿ ಸುಮ್ನೆ ಹೊರಗೆ ಬರುತ್ತಾ ಇರುತ್ತದೆ. "ಪ್ರಿಂಟರ್ ಕೆಟ್ಟಿದೆ, ಬೇಗ ಬನ್ನಿ" ಅಂತ ಫೋನ್ ಬಂದಾಗ ನಾನು ಮೊದಲು ಕೇಳುವುದೇ, "ರೋಲ್ ಯಾವ ಕಡೆ ಹಾಕಿದ್ದೀರಿ?" ಅಂತ. ಇನ್ನೂ ಚೆನ್ನಾಗಿ ನೋಡಬೇಕಾದರೆ ಹಚ್ಚಿದ ಅಗರಬತ್ತಿಯ ಕೆಂಡವನ್ನು ಕಾಗದಕ್ಕೆ ತಾಗದ ಹಾಗೆ ಹತ್ತಿರ ಹಿಡಿದು ಮೆಲ್ಲಗೆ ಎಳೆಯಿರಿ. ಅದು ಹೋದ ದಾರಿಯಲ್ಲೆಲ್ಲ ಕಪ್ಪು ಗೆರೆ ಎದ್ದುಬರುತ್ತದೆ.

ಈಗ ಆ ಬಣ್ಣ ಹೇಗೆ ಅಡಗಿರುತ್ತದೆ ಅನ್ನುವುದು. ಇದಕ್ಕೆ ನಮ್ಮ ಮನೆಯಲ್ಲೇ ಒಳ್ಳೆಯ ಉದಾಹರಣೆ ಇದೆ: ಆರತಿಯ ಕೆಂಪು ನೀರು. ಅರಿಶಿನ ಹಳದಿ, ಸುಣ್ಣ ಬಿಳಿ. ಎರಡನ್ನೂ ನೀರಿನಲ್ಲಿ ಕಲಸಿದರೆ ರಕ್ತದಂಥ ಕೆಂಪು. ಆ ಕೆಂಪು ಎರಡರಲ್ಲೂ ಇರಲಿಲ್ಲ, ಕೂಡಿದಾಗ ಹುಟ್ಟಿತು. ಅದೇ ತಟ್ಟೆಗೆ ನಿಂಬೆಹುಳಿ ಹಿಂಡಿ ನೋಡಿ, ಮತ್ತೆ ಹಳದಿ! ಅಂದರೆ ಅರಿಶಿನ ಎಲ್ಲೂ ಹೋಗಿರಲಿಲ್ಲ. ಜೊತೆಗಾರ ಬದಲಾದ ಹಾಗೆ ಬಣ್ಣ ಬದಲಾಯಿಸಿತು. ಈ ತಟ್ಟೆಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಬರುವುದೆಲ್ಲ ಇದರ ಮೇಲೇ ನಿಂತಿದೆ.

ಬಿಲ್ಲಿನ ಕಾಗದದ ಮೇಲ್ಮೈಯಲ್ಲಿ ಮುಖ್ಯವಾಗಿ ಮೂರು ಸಾಮಾನು ಇರುತ್ತವೆ. ಒಂದು, ಬಣ್ಣದ ಪುಡಿ. ಇದನ್ನು ಲ್ಯೂಕೋ ಡೈ ಅನ್ನುತ್ತಾರೆ. ಲ್ಯೂಕೋ ಅಂದರೆ ಗ್ರೀಕ್ ಭಾಷೆಯಲ್ಲಿ ಬಿಳಿ. ಹೆಸರಿಗೆ ತಕ್ಕ ಹಾಗೆ ಇದು ಬಣ್ಣವಿಲ್ಲದ ಬಣ್ಣ. ಇದರ ಅಣುವಿನ ಮಧ್ಯೆ ಒಂದು ಸಣ್ಣ ಉಂಗುರ ಮುಚ್ಚಿಕೊಂಡಿರುತ್ತದೆ. ಮಡಚಿದ ಕೊಡೆ ಅಂದುಕೊಳ್ಳಿ. ಮಡಚಿರುವಾಗ ಕಣ್ಣಿಗೆ ಕಾಣುವ ಬೆಳಕನ್ನು ಅದು ತಡೆಯುವುದಿಲ್ಲ, ಹಾಗಾಗಿ ಬಿಳಿ. ಆ ಉಂಗುರ ಬಿಚ್ಚಿಕೊಂಡರೆ ಕೊಡೆ ಅರಳಿದ ಹಾಗೆ. ಬೆಳಕನ್ನು ಹೀರಿಕೊಂಡು ಕಪ್ಪಾಗಿ ಕಾಣುತ್ತದೆ.

ಎರಡನೆಯದು ಡೆವಲಪರ್. ಇದು ಸ್ವಲ್ಪ ಹುಳಿ ಗುಣದ, ಅಂದರೆ ಆಮ್ಲದ ಸ್ವಭಾವದ ಪುಡಿ. ಆ ಕೊಡೆಯ ಗುಂಡಿ ಒತ್ತುವುದು ಇದೇ. ಬಿಸ್ಫೆನಾಲ್ ಎ ಅನ್ನುವ ರಾಸಾಯನಿಕವನ್ನು ತುಂಬ ವರ್ಷ ಇದಕ್ಕೆ ಬಳಸುತ್ತಿದ್ದರು. ಈಗ ಅದರ ಬದಲು ಬೇರೆ ಬೇರೆ ಬರುತ್ತಿವೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎರಡೂ ಪಕ್ಕಪಕ್ಕದಲ್ಲೇ ಇದ್ದರೂ ರೋಲಿನಲ್ಲಿ ಕೂಡುವುದಿಲ್ಲ. ಯಾಕೆಂದರೆ ಎರಡೂ ಗಟ್ಟಿ ಪುಡಿ, ಬೇರೆ ಬೇರೆ ಹರಳು. ಒಣ ಅರಿಶಿನ, ಒಣ ಸುಣ್ಣವನ್ನು ಒಂದೇ ಡಬ್ಬಿಯಲ್ಲಿ ಹಾಕಿಟ್ಟರೆ ಬೇಗ ಕೆಂಪಾಗುವುದಿಲ್ಲವಲ್ಲ, ಹಾಗೆ. ನೀರು ಬಿದ್ದರೆ ತಾನೇ ಬೆರೆಯುವುದು? ಇಲ್ಲಿ ನೀರಿನ ಕೆಲಸ ಮಾಡುವುದು ಮೂರನೆಯ ಸಾಮಾನು, ಸೆನ್ಸಿಟೈಸರ್. ಮೇಣದಂಥ ವಸ್ತು. ಚಳಿಗೆ ಹೆಪ್ಪುಗಟ್ಟಿದ ತೆಂಗಿನೆಣ್ಣೆ ಬಿಸಿಲಿಗೆ ಇಟ್ಟ ಕೂಡಲೇ ನೀರಾಗುವ ಹಾಗೆ, ಬಿಸಿ ತಾಗಿದರೆ ಇದು ಮೊದಲು ಕರಗುತ್ತದೆ. ಕರಗಿ ಉಳಿದೆರಡನ್ನೂ ತನ್ನೊಳಗೆ ಎಳೆದುಕೊಳ್ಳುತ್ತದೆ. ಇದು ಇಲ್ಲದಿದ್ದರೆ ತುಂಬ ಜಾಸ್ತಿ ಬಿಸಿ ಬೇಕಾಗುತ್ತಿತ್ತು. ಬಿಸ್ಫೆನಾಲ್ ಎ ಒಂದೇ ಇದ್ದರೆ ಅದು ಕರಗುವುದು 155 ಡಿಗ್ರಿಯ ಮೇಲೆ. ಸೆನ್ಸಿಟೈಸರ್ ಇರುವುದರಿಂದ 70 ಡಿಗ್ರಿ ಆಸುಪಾಸಿನಲ್ಲೇ ಕಾಗದ ಬೂದಾಗಲು ಶುರುವಾಗುತ್ತದೆ, ನೂರರ ಹತ್ತಿರ ಹತ್ತಿರ ಪೂರ್ತಿ ಕಪ್ಪು. ಬಿಸಿ ಹೋದ ಮರುಕ್ಷಣವೇ ಎಲ್ಲ ಮತ್ತೆ ಗಟ್ಟಿ. ಕೂಡಿದವು ಕೂಡಿದ ಹಾಗೇ ಸಿಕ್ಕಿಹಾಕಿಕೊಳ್ಳುತ್ತವೆ. ಅದೇ ನಮಗೆ ಕಾಣುವ ಅಕ್ಷರ.

ಇಷ್ಟೆಲ್ಲ ಇರುವುದು ಚದರ ಮೀಟರಿಗೆ ಕೆಲವೇ ಗ್ರಾಂ ತೂಗುವ ಒಂದು ಪದರದಲ್ಲಿ. ಅದರ ಕೆಳಗೆ ಜೇಡಿಯಂಥ ಪುಡಿಯ ಇನ್ನೊಂದು ಪದರ ಬಳಿದಿರುತ್ತಾರೆ. ಬಿಸಿ ಕಾಗದದೊಳಗೆ ಇಳಿದುಹೋಗದೆ ಮೇಲೇ ನಿಲ್ಲಲಿ ಅಂತ, ಮೇಲ್ಮೈ ನಯವಾಗಲಿ ಅಂತ. ಒಳ್ಳೆಯ ಕಾಗದಕ್ಕೆ ಎಲ್ಲಕ್ಕಿಂತ ಮೇಲೆ ಕಾಪಾಡುವ ಒಂದು ತೆಳು ಲೇಪವೂ ಇರುತ್ತದೆ. ಅಗ್ಗದ ರೋಲಿನಲ್ಲಿ ಉಳಿತಾಯ ಮಾಡುವುದು ಸಾಮಾನ್ಯವಾಗಿ ಇದನ್ನೇ.

ಈಗ ಪ್ರಿಂಟರಿನ ಆ ತೆಳ್ಳಗಿನ ಪಟ್ಟಿಗೆ ಬರೋಣ. ನಮ್ಮ ಭಾಷೆಯಲ್ಲಿ ಅದು ಹೆಡ್. ನನಗೆ ಇಡೀ ಮೆಷಿನಿನಲ್ಲಿ ತುಂಬ ಇಷ್ಟವಾದ ಭಾಗ. ಪಿಂಗಾಣಿಯಂಥ ತಗಡು, ಅದರ ಮೇಲೆ ಗಾಜಿನ ಹಾಗೆ ಹೊಳೆಯುವ ಸಣ್ಣ ಏರು. ಆ ಏರಿನ ಉದ್ದಕ್ಕೂ ಒಂದೇ ಸಾಲಿನಲ್ಲಿ ಪುಟ್ಟ ಪುಟ್ಟ ಹೀಟರುಗಳು, ಒಂದು ಮಿಲಿಮೀಟರಿನಲ್ಲಿ ಎಂಟು. ಹೋಟೆಲಿನ 80 ಮಿಲಿಮೀಟರ್ ರೋಲಿನ ಪ್ರಿಂಟರಿನಲ್ಲಿ ಅಚ್ಚಾಗುವ ಅಗಲ 72 ಮಿಲಿಮೀಟರ್. ಅಂದರೆ 576 ಹೀಟರ್. ಕಾರ್ಡ್ ಉಜ್ಜುವ ಮೆಷಿನಿನ 58 ಮಿಲಿಮೀಟರ್ ರೋಲಿಗೆ 384. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಆನ್ ಆಫ್ ಮಾಡಬಹುದು.

ಲೆಕ್ಕ ಹಾಕಿ. ಕಾಗದ ಸೆಕೆಂಡಿಗೆ 200 ಮಿಲಿಮೀಟರ್ ಓಡಿದರೆ, ಮಿಲಿಮೀಟರಿಗೆ ಎಂಟು ಸಾಲಿನಂತೆ ಸೆಕೆಂಡಿಗೆ 1600 ಸಾಲು ಚುಕ್ಕಿ. ಒಂದು ಸಾಲಿಗೆ ಸಿಗುವ ಸಮಯ ಸೆಕೆಂಡಿನ 1600ನೇ ಒಂದು ಪಾಲು. ಅಷ್ಟರೊಳಗೆ ಹೀಟರ್ ಕಾಯಬೇಕು, ಪುಡಿ ಕರಗಬೇಕು, ಮುಂದಿನ ಸಾಲಿಗೆ ಮೊದಲು ಹೀಟರ್ ಆರಬೇಕು. ಆರದಿದ್ದರೆ ಅಕ್ಷರಕ್ಕೆ ಬಾಲ ಬೆಳೆಯುತ್ತದೆ. ಅದಕ್ಕೇ ಒಳ್ಳೆಯ ಪ್ರಿಂಟರ್ ಪ್ರತಿ ಚುಕ್ಕಿಯ ಹಿಂದಿನ ಕಥೆಯನ್ನು ನೆನಪಿಟ್ಟುಕೊಳ್ಳುತ್ತದೆ. ಈಗಷ್ಟೇ ಕಾದಿದ್ದರೆ ಈ ಸಲ ಸ್ವಲ್ಪ ಕಡಿಮೆ ಕರೆಂಟು. ಹೆಡ್ಡಿನಲ್ಲಿ ಬಿಸಿ ಅಳೆಯುವ ಒಂದು ಸಾಧನವೂ ಇರುತ್ತದೆ. ತಣ್ಣಗಿನ ಬೆಳಿಗ್ಗೆಯ ಮೊದಲ ಬಿಲ್ಲೂ ಮಧ್ಯಾಹ್ನದ ಊಟದ ರಶ್ಶಿನ ಮುನ್ನೂರನೇ ಬಿಲ್ಲೂ ಒಂದೇ ಥರ ಕಪ್ಪಾಗಿ ಬರುವುದು ಇದರಿಂದಲೇ.

ಹೆಡ್ಡಿಗೆ ಭಾಷೆ ಗೊತ್ತಿಲ್ಲ, ಚುಕ್ಕಿ ಮಾತ್ರ ಗೊತ್ತು. ಸಾಫ್ಟ್‌ವೇರ್ ಅಕ್ಷರವನ್ನು ಚಿತ್ರ ಮಾಡಿ ಕಳಿಸಿದರೆ ಯಾವ ಲಿಪಿಯಾದರೂ ಸರಿ. ಚೆಂಬೂರಿನ ಒಂದು ಹೋಟೆಲಿನಲ್ಲಿ ಬಿಲ್ಲಿನ ಕೊನೆಗೆ "ಮತ್ತೆ ಬನ್ನಿ" ಅಂತ ಕನ್ನಡದಲ್ಲಿ ಬರುವ ಹಾಗೆ ಮಾಡಿಕೊಟ್ಟಿದ್ದೇನೆ. ಅದನ್ನು ನೋಡಿ ಫೋಟೋ ತೆಗೆದುಕೊಂಡು ಹೋಗುವವರು ಇದ್ದಾರೆ. ನನಗೂ ಪ್ರತಿ ಸಲ ಖುಷಿಯಾಗುತ್ತದೆ.

ಬಿಲ್ಲಿನ ಉದ್ದಕ್ಕೂ ಮೇಲಿನಿಂದ ಕೆಳಗೆ ಒಂದೇ ಜಾಗದಲ್ಲಿ ಬಿಳಿ ಗೆರೆ ಬಂದರೆ ಅಲ್ಲಿಯ ಹೀಟರಿನ ಮೇಲೆ ಕೊಳೆ ಕೂತಿದೆ, ಇಲ್ಲವೇ ಅದು ಸತ್ತಿದೆ. ಮೆಷಿನ್ ಆಫ್ ಮಾಡಿ, ಆರಲು ಬಿಟ್ಟು, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ. ಬ್ಲೇಡು, ಚಾಕು ಮುಟ್ಟಿಸಲೇಬೇಡಿ. ಒಂದು ಹೆಡ್ 100 ಕಿಲೋಮೀಟರ್ ಕಾಗದವನ್ನು ಕಾಣುತ್ತದೆ ಅಂತ ಇಟ್ಟುಕೊಂಡರೂ, ಒಂದು ಗೇಣಿನಷ್ಟು, ಅಂದರೆ ಸುಮಾರು 20 ಸೆಂಟಿಮೀಟರಿನ ಬಿಲ್ಲಿನ ಲೆಕ್ಕದಲ್ಲಿ ಐದು ಲಕ್ಷ ಬಿಲ್ಲು. ಒರಟು ಕಾಗದ ಹಾಕಿದರೆ ಅದು ಹೆಡ್ಡನ್ನು ಮರಳುಕಾಗದದ ಹಾಗೆ ಸವೆಸುತ್ತದೆ. ರೋಲಿನಲ್ಲಿ ಉಳಿಸಿದ ದುಡ್ಡು ಹೆಡ್ಡಿಗೆ ಹೋಗುತ್ತದೆ.

ಈ ಬಣ್ಣದ ಸಂಸಾರಕ್ಕೆ ಒಂದು ಹಳೆಯ ಮನೆ ಇದೆ. 1950ರ ದಶಕದಲ್ಲಿ ಅಮೆರಿಕದ ಎನ್‌ಸಿಆರ್ ಕಂಪನಿಯವರು ಕಾರ್ಬನ್ ಇಲ್ಲದೆ ಕಾಪಿ ತೆಗೆಯುವ ಕಾಗದ ಮಾಡಿದರು. ಪೆನ್ನಿನಲ್ಲಿ ಒತ್ತಿ ಬರೆದರೆ ಕೆಳಗಿನ ಹಾಳೆಯಲ್ಲೂ ಮೂಡುವ ರಸೀದಿ ಪುಸ್ತಕ ನೋಡಿರುತ್ತೀರಿ. ಅಲ್ಲೂ ಬಣ್ಣವಿಲ್ಲದ ಡೈ, ಹುಳಿ ಗುಣದ ಜೊತೆಗಾರ. ಒತ್ತಡದಿಂದ ಸಣ್ಣ ಗುಳ್ಳೆ ಒಡೆದು ಎರಡೂ ಸೇರುತ್ತವೆ. ಒತ್ತಡದ ಬದಲು ಬಿಸಿ ಅಂದರೆ ನಮ್ಮ ಬಿಲ್ಲಿನ ಕಾಗದ. ಬಿಸಿ ಮಾಡುವ ಹೆಡ್ಡನ್ನು 1960ರ ದಶಕದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ರೂಪಿಸಿದವರು ಜಾಕ್ ಕಿಲ್ಬಿ. 1958ರಲ್ಲಿ ಐಸಿ ಚಿಪ್ಪು ಮಾಡಿದವರೂ ಅವರೇ. ಚಿಪ್ಪಿನ ಕೆಲಸಕ್ಕೆ 2000ದಲ್ಲಿ ಅವರಿಗೆ ನೊಬೆಲ್ ಬಂತು. ಆಮೇಲೆ ಫ್ಯಾಕ್ಸ್ ಮೆಷಿನ್ ಬಂದು ಈ ಕಾಗದವನ್ನು ಲೋಕದ ಎಲ್ಲ ಆಫೀಸಿಗೂ ಮುಟ್ಟಿಸಿತು. ಹಳೇ ಫೈಲಿನಲ್ಲಿ ಸುರುಳಿ ಸುತ್ತಿಕೊಂಡು ಬೆಳ್ಳಗಾದ ಫ್ಯಾಕ್ಸ್ ಹಾಳೆ ಎಷ್ಟು ಮನೆಗಳಲ್ಲಿ ಇವತ್ತಿಗೂ ಇದೆ!

ಇನ್ನು ಧಣಿಗಳ ಬಿಲ್ಲಿಗೆ ಬರುತ್ತೇನೆ. ಮೆತ್ತಗಿನ ಪಾರದರ್ಶಕ ಕವರುಗಳಲ್ಲಿ ತುಂಬ ಪಿವಿಸಿಯವೇ. ಪಿವಿಸಿ ಸ್ವಭಾವದಲ್ಲಿ ಗಟ್ಟಿ. ನೀರಿನ ಪೈಪು ಅದರದ್ದೇ ಅಲ್ವಾ. ಅದು ಬಟ್ಟೆಯ ಹಾಗೆ ಬಾಗಲಿ ಅಂತ ಎಣ್ಣೆಯಂಥ ಪ್ಲಾಸ್ಟಿಸೈಸರ್ ಬೆರೆಸುತ್ತಾರೆ. ಈ ಎಣ್ಣೆ ಕವರಿನಲ್ಲೇ ಸುಮ್ಮನೆ ಕೂರುವುದಿಲ್ಲ. ತಿಂಗಳುಗಟ್ಟಲೆ ಒತ್ತಿಕೊಂಡಿದ್ದರೆ ಮೆಲ್ಲಗೆ ಬಿಲ್ಲಿನ ಮೇಲ್ಪದರಕ್ಕೆ ಇಳಿಯುತ್ತದೆ. ಇಳಿದು ಡೆವಲಪರನ್ನು ಕರಗಿಸಿ ಡೈಯಿಂದ ಬಿಡಿಸಿಬಿಡುತ್ತದೆ. ಜೊತೆಗಾರ ಹೋದ ಕೂಡಲೇ ಕೊಡೆ ಮತ್ತೆ ಮಡಚಿಕೊಂಡಿತು. ಆರತಿ ತಟ್ಟೆಗೆ ನಿಂಬೆ ಹಿಂಡಿದ ಹಾಗೆ. ಅಕ್ಷರ ಉದುರಿಹೋಗಿಲ್ಲ, ಅಲ್ಲೇ ಬಣ್ಣ ಬಿಟ್ಟು ಕೂತಿದೆ. ಸೆಲ್ಲೋಟೇಪಿನ ಅಂಟು, ತಲೆಗೆ ಹಚ್ಚಿದ ಎಣ್ಣೆಯ ಕೈ, ಕ್ರೀಮು ಇವೂ ಇದನ್ನೇ ಮಾಡುತ್ತವೆ. ಬಿಸಿಲೂ ಬಣ್ಣ ಕೆಡಿಸುತ್ತದೆ. ತೇವವೂ ಅಷ್ಟೇ. ಈ ಕಾಗದವನ್ನು ಇಡಲು 25 ಡಿಗ್ರಿಯೊಳಗಿನ, ಅಷ್ಟು ತೇವವಿಲ್ಲದ ಜಾಗ ಬೇಕು ಅಂತ ಹೇಳುತ್ತಾರೆ. ಜುಲೈ ತಿಂಗಳ ಮುಂಬಯಿಯಲ್ಲಿ ಅಂಥ ಜಾಗ ಎಲ್ಲಿದೆ, ಎಸಿ ಆಫೀಸು ಬಿಟ್ಟರೆ?

ಸ್ಯಾನಿಟೈಸರ್ ಕೈಯಲ್ಲಿ ಬಿಲ್ಲು ಹಿಡಿದವರು ಇನ್ನೊಂದನ್ನು ನೋಡಿರಬಹುದು. ಅದು ಅಳಿಸುವ ಬದಲು ಕಪ್ಪು ಕಲೆ ಮಾಡುತ್ತದೆ. ಆಲ್ಕೋಹಾಲ್ ಬಿಸಿ ಇಲ್ಲದೆಯೇ ಎರಡೂ ಪುಡಿಯನ್ನು ಕರಗಿಸಿ ಒಟ್ಟಿಗೆ ತರುತ್ತದೆ. ಎಣ್ಣೆ ಬಿಡಿಸುತ್ತದೆ, ಆಲ್ಕೋಹಾಲ್ ಕೂಡಿಸುತ್ತದೆ. ಬಿಲ್ಲು ಹಾಳಾಗದಿರಲಿ ಅಂತ ಲ್ಯಾಮಿನೇಶನ್ ಮಾಡಿಸಲು ಹೋದವರ ಗತಿಯೂ ಇದೇ. ಬಿಸಿ ರೋಲರ್ ಕೆಳಗೆ ಹೋದ ಬಿಲ್ಲು ಪೂರ್ತಿ ಕಪ್ಪು ಹಾಳೆಯಾಗಿ ಹೊರಗೆ ಬರುತ್ತದೆ. ಅಕ್ಷರವೂ ಕಪ್ಪು, ಸುತ್ತಲೂ ಕಪ್ಪು. ದಯವಿಟ್ಟು ಮಾಡಿಸಬೇಡಿ.

ಹೋಟೆಲಿನ ಅಡುಗೆಮನೆಯಲ್ಲಿ ಇದನ್ನು ದಿನಾ ನೋಡುತ್ತೇನೆ. ಆರ್ಡರ್ ಚೀಟಿಯನ್ನು ದೋಸೆ ಕಲ್ಲಿನ ಮೇಲಿನ ಕಂಬಿಗೆ ಸಿಕ್ಕಿಸುತ್ತಾರೆ. ಕೆಳಗಿನಿಂದ ಬಿಸಿ ಏರುತ್ತದೆ. ಎರಡು ಮಸಾಲೆ, ಒಂದು ಸೆಟ್ ಅಂತ ಬರೆದ ಚೀಟಿ ನೋಡನೋಡುತ್ತಲೇ ಕೆಳತುದಿಯಿಂದ ಬೂದಾಗುತ್ತಾ ಬರುತ್ತದೆ. ಅದಕ್ಕೆ ಒಳಗೆ ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರೇ ಇರಲಿ ಅಂತ ನಾನು ಹೇಳುವುದು. ರಿಬ್ಬನ್ನಿನ ಶಾಯಿ, ಸಾದಾ ಕಾಗದ. ಬಿಸಿಗೆ ಹೆದರುವುದಿಲ್ಲ. ಅದರ ಕರಕರ ಸದ್ದು ಕೇಳಿದರೆ ಹೊಸ ಆರ್ಡರ್ ಬಂತು ಅಂತ ಭಟ್ಟರಿಗೂ ಗೊತ್ತಾಗುತ್ತದೆ.

ಗ್ರೈಂಡರಿನ ಬಿಲ್ಲು ಹೋದರೆ ದುಡ್ಡು ಹೋಗುತ್ತದೆ. ಇಸಿಜಿ ಹೋದರೆ? ಕೆಂಪು ಚೌಕದ ಗೆರೆಗಳಿರುವ ಆ ಉದ್ದ ಪಟ್ಟಿಯೂ ತುಂಬ ಕಡೆ ಇದೇ ಕಾಗದ. ಸೆಕೆಂಡಿಗೆ 25 ಮಿಲಿಮೀಟರ್ ಓಡುವ ಕಾಗದದ ಮೇಲೆ ಎದೆಬಡಿತವನ್ನು ಬಿಸಿಯೇ ಬರೆಯುತ್ತದೆ. ನಾಳೆ ಎದೆನೋವು ಬಂದಾಗ ಡಾಕ್ಟರು "ಹಳೇ ಇಸಿಜಿ ಇದೆಯಾ?" ಅಂತ ಕೇಳುತ್ತಾರೆ. ಮೊದಲು ಹೇಗಿತ್ತು, ಈಗ ಏನು ಬದಲಾಗಿದೆ ಅಂತ ಹೋಲಿಸಿ ನೋಡಬೇಕಾಗುತ್ತದೆ. ನನ್ನ ಅಮ್ಮನ ಫೈಲಿನಲ್ಲಿ ಮೂರು ವರ್ಷದ ಹಿಂದಿನ ಪಟ್ಟಿಯಲ್ಲಿ ಕೆಂಪು ಚೌಕ ಅಚ್ಚುಕಟ್ಟಾಗಿ ಉಳಿದಿತ್ತು, ಮೇಲಿನ ಗೆರೆ ಮಾಯವಾಗಿತ್ತು. ಚೌಕ ಸಾದಾ ಶಾಯಿಯಲ್ಲಿ ಅಚ್ಚಾದದ್ದು, ಗೆರೆ ಬಿಸಿಯದ್ದು. ಕಾಗದದ ಕೆಲಸದಲ್ಲೇ ಇರುವ ನನಗೇ ಅದು ಹೊಳೆದಿರಲಿಲ್ಲ. ಅವತ್ತಿನಿಂದ ಇಸಿಜಿ ಕೈಗೆ ಬಂದ ದಿನವೇ ಜೆರಾಕ್ಸ್ ಮಾಡಿಸುತ್ತೇನೆ. ಜೆರಾಕ್ಸಿನ ಟೋನರ್ ಅಂದರೆ ಕಾರ್ಬನ್ ಬೆರೆತ ಪ್ಲಾಸ್ಟಿಕ್ ಪುಡಿ, ಕಾಗದಕ್ಕೆ ಕರಗಿ ಅಂಟಿರುತ್ತದೆ. ಅದಕ್ಕೆ ಬಣ್ಣ ಬಿಡುವ ಗುಣ ಇಲ್ಲ.

ಅಂಗಡಿ, ಹೋಟೆಲ್ ನಡೆಸುವವರಿಗೂ ಇದು ಮುಖ್ಯ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆ ದಿನದಿಂದ 72 ತಿಂಗಳು ಇಡಬೇಕು. ಆರು ವರ್ಷ! ಸಾದಾ ಬಿಲ್ ಕಾಗದವನ್ನು ಅಷ್ಟು ದಿನ ನಂಬಿ ಕೂರಬಾರದು. ಸಾಮಾನು ತಂದ ಬಿಲ್ಲನ್ನು ಅವತ್ತೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಮೂಲ ಪ್ರತಿಯನ್ನು ಸಾದಾ ಕಾಗದದ ಲಕೋಟೆಯಲ್ಲಿಡಿ.

ಈಗ ಬಿಸ್ಫೆನಾಲ್ ಎ, ಚುಟುಕಾಗಿ ಬಿಪಿಎ. ಇದು ಶರೀರದೊಳಗೆ ಈಸ್ಟ್ರೊಜೆನ್ ಹಾರ್ಮೋನಿನ ಹಾಗೆ ವರ್ತಿಸಬಲ್ಲ ವಸ್ತು. ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಅದು ಸರಪಳಿಯಾಗಿ ಕಟ್ಟಿಕೊಂಡಿರುತ್ತದೆ. ಬಿಲ್ಲಿನಲ್ಲಿ ಬಿಡಿ ಪುಡಿ, ಹಾಗಾಗಿ ಬೆರಳಿಗೆ ಸುಲಭವಾಗಿ ಹತ್ತುತ್ತದೆ. ಯುರೋಪಿನ ಒಕ್ಕೂಟ 2020ರ ಜನವರಿಯಿಂದ ಬಿಲ್ಲಿನ ಕಾಗದದಲ್ಲಿ ಇದರ ಪ್ರಮಾಣ ತೂಕದ ನೂರಕ್ಕೆ 0.02 ಮುಟ್ಟಬಾರದು ಅಂತ ನಿಯಮ ಮಾಡಿದೆ. "ಬಿಪಿಎ ಫ್ರೀ" ಅಂತ ಬರೆದ ರೋಲಿನಲ್ಲಿ ಎಷ್ಟೋ ಸಲ ಅದರ ಅಣ್ಣತಮ್ಮನಂಥ ಬಿಸ್ಫೆನಾಲ್ ಎಸ್ ಇರುತ್ತದೆ, ಅದೂ ಪೂರ್ತಿ ನಿರಪಾಯ ಅಲ್ಲ. ಬಿಸ್ಫೆನಾಲ್ ಜಾತಿಯದ್ದೇ ಅಲ್ಲದ ಡೆವಲಪರ್ ಇರುವ ರೋಲುಗಳೂ ಇವೆ. ಕೇಳಿ ತರಿಸಿಕೊಳ್ಳಿ.

ತಿಂಗಳಿಗೆ ನಾಲ್ಕು ಬಿಲ್ಲು ಮುಟ್ಟುವವರು ಗಾಬರಿ ಆಗಬೇಕಾಗಿಲ್ಲ. ನನಗೆ ಯೋಚನೆ ಇರುವುದು ಗಲ್ಲಾದಲ್ಲಿ ಕೂರುವವರದ್ದು. ಬೆಳಿಗ್ಗೆಯಿಂದ ರಾತ್ರಿವರೆಗೆ ನೂರಾರು ಚೀಟಿ ಹರಿದುಕೊಡುತ್ತಾರೆ, ನಡುವೆ ಅದೇ ಕೈಯಲ್ಲಿ ವಡೆ ತಿನ್ನುತ್ತಾರೆ. ಒದ್ದೆ ಕೈ, ಕ್ರೀಮು ಹಚ್ಚಿದ ಕೈ, ಸ್ಯಾನಿಟೈಸರ್ ಹಾಕಿದ ಕೈಗೆ ಇದು ಇನ್ನೂ ಜಾಸ್ತಿ ಹತ್ತುತ್ತದೆ. ತಿನ್ನುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಚೀಟಿಯನ್ನು ಬಾಯಲ್ಲಿ ಕಚ್ಚಿಕೊಳ್ಳಬೇಡಿ. ಇನ್ನೊಂದು ವಿಷಯವನ್ನು ನಾನು ಹೋದ ಹೋಟೆಲಿನಲ್ಲೆಲ್ಲ ಹೇಳುತ್ತೇನೆ. ಬಿಲ್ಲನ್ನು ಸೋಂಪಿನ ತಟ್ಟೆಯಲ್ಲಿ ಇಟ್ಟು ಕೊಡಬೇಡಿ. ಗಿರಾಕಿ ಬಿಲ್ಲು ಎತ್ತಿಕೊಂಡು ಅದರ ಮೇಲೆ ಬಿದ್ದ ಸೋಂಪನ್ನೇ ಬಾಯಿಗೆ ಹಾಕಿಕೊಳ್ಳುತ್ತಾನೆ. ಎರಡು ತಟ್ಟೆ ಇಡಲು ಎಷ್ಟು ಖರ್ಚು? ಹಾಗೇ ಹಳೇ ಬಿಲ್ಲನ್ನು ರದ್ದಿಗೆ ಸೇರಿಸಬೇಡಿ. ಅದು ಮರುಬಳಕೆಯ ಕಾಗದಕ್ಕೆ ಹೋಗಿ ಅಲ್ಲಿಂದ ಬೇರೆ ಬೇರೆ ಕಾಗದದಲ್ಲಿ ತಿರುಗಿ ಬರುತ್ತದೆ.

ಡೈ, ಡೆವಲಪರ್ ಎರಡೂ ಬೇಡದ ಕಾಗದವೂ ಬಂದಿದೆ. ಜರ್ಮನಿಯ ಕೋಹ್ಲರ್ ಕಂಪನಿ ಮಾಡುತ್ತದೆ. ಕೆಳಗೆ ಕಪ್ಪು ಪದರ, ಅದರ ಮೇಲೆ ಗಾಳಿ ತುಂಬಿದ ಸಣ್ಣ ಗುಳ್ಳೆಗಳ ಮಸುಕು ಪದರ. ಬಿಸಿ ತಾಗಿದಲ್ಲಿ ಗುಳ್ಳೆ ಕುಸಿದು ಪದರ ಪಾರದರ್ಶಕವಾಗುತ್ತದೆ, ಕೆಳಗಿನ ಕಪ್ಪು ಕಾಣುತ್ತದೆ. ಕುಸಿದ ಗುಳ್ಳೆ ಮತ್ತೆ ಏಳುವುದಿಲ್ಲ, ಹಾಗಾಗಿ ಅಕ್ಷರ ಮಾಯವಾಗುವ ಭಯವಿಲ್ಲ. ಕಾಗದ ಸ್ವಲ್ಪ ನೀಲಿ ಬೂದು ಬಣ್ಣಕ್ಕಿರುತ್ತದೆ.

ಧಣಿಗಳ ಬಿಲ್ಲಿಗೆ ಏನಾಯಿತು ಅಂದರೆ, ಅದನ್ನು ಕಿಟಕಿಯ ಹತ್ತಿರ ಓರೆಯಾಗಿ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದೆ. ಕಾಂಟ್ರಾಸ್ಟ್ ಪೂರ್ತಿ ಏರಿಸಿದಾಗ ಮಸುಕಾಗಿ ತಾರೀಖು ಕಂಡಿತು, ಬಿಲ್ ನಂಬರಿನ ಕೊನೆಯ ಮೂರು ಅಂಕೆಯೂ ಕಂಡಿತು. ಅಷ್ಟೇ ಸಾಕಾಯಿತು. ಅಂಗಡಿಯವರು ಕಂಪ್ಯೂಟರಿನಲ್ಲಿ ಹುಡುಕಿ ಡುಪ್ಲಿಕೇಟ್ ಬಿಲ್ಲು ತೆಗೆದುಕೊಟ್ಟರು. ಅದೂ ಅದೇ ಥರದ ಕಾಗದ. ಧಣಿಗಳು ಅದನ್ನು ಜೇಬಿಗೂ ಹಾಕದೆ, ಎರಡು ಬೆರಳಲ್ಲಿ ತುದಿ ಹಿಡಿದುಕೊಂಡು, ಮಳೆಯಲ್ಲಿ ಕೊಡೆ ಬಿಚ್ಚಿ, ಸೀದಾ ಎದುರಿನ ಜೆರಾಕ್ಸ್ ಅಂಗಡಿಗೆ ನಡೆದರು.